ಚಾಟಿ ಹೊಗಳಿದ ಧಾರಾವಾಹಿ

ಆ ಪತ್ರಿಕೆಯ ಟಿ.ವಿ. ವಿಮರ್ಶಕನನ್ನು ಊರೆಲ್ಲ ‘ಚಾಟಿ’ ಎಂದೇ ಕರೆಯುತ್ತಿತ್ತು. ವರ್ಷಗಟ್ಟಲೆ ಧಾರಾವಾಹಿಗಳಿಗೆ ಛಡಿಯೇಟು ಕೊಡುತ್ತ ಸಂಸಾರ ಸಾಗಿಸಿದ್ದ ಆತ, ಒಂದು ಬೆಳಿಗ್ಗೆ ತನ್ನ ಅಂಕಣದಲ್ಲಿ ‘ಎರಡು ಹೊಲಿಗೆ ಯಂತ್ರ’ ಎಂಬ ಧಾರಾವಾಹಿಯನ್ನು ‘ಅದ್ಭುತ’ ಎಂದುಬಿಟ್ಟ. ಆದದ್ದು ಅಷ್ಟೇ.

ಮೊದಲು ಬಾಗಿಲು ಬಡಿದವರು ಮೇಲ್ಮಹಡಿಯ ನಿವೃತ್ತ ನರ್ಸಮ್ಮ. ಕೈಯಲ್ಲಿ ಪತ್ರಿಕೆ, ಮುಖದಲ್ಲಿ ತುರ್ತು ಚಿಕಿತ್ಸೆಯ ಗಾಂಭೀರ್ಯ.

“ನಿಮ್ಮ ಯಜಮಾನರಿಗೆ ಹುಷಾರಿಲ್ವಾ?” ಎಂದು ಚಾಟಿಯ ಹೆಂಡತಿಯನ್ನು ಕೇಳಿದರು, ಚಾಟಿ ಎದುರಿಗೇ ನಿಂತಿದ್ದರೂ.

“ಚೆನ್ನಾಗೇ ಇದ್ದಾರಲ್ಲ!”

“ಹೊಗಳಿದ್ದಾರೆ ಕಣಮ್ಮ! ಈ ವಯಸ್ಸಲ್ಲಿ ಸ್ವಭಾವ ಇದ್ದಕ್ಕಿದ್ದ ಹಾಗೆ ಬದಲಾದ್ರೆ ತಲೆಯ ಸ್ಕ್ಯಾನ್ ಮಾಡಿಸ್ಬೇಕು.”

ನರ್ಸಮ್ಮನೂ ವಿಮರ್ಶಕಿಯೇ. ಆಕೆಯ ವಿಮರ್ಶೆ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ, ಕಸದ ಬುಟ್ಟಿ ಹಿಡಿದ ಸಭಿಕರ ಮುಂದೆ ಪ್ರಕಟವಾಗುತ್ತಿತ್ತು. ಸಾಯುವ ನಾಯಕಿ ಎಷ್ಟು ಹೊತ್ತು ಮಾತಾಡಿದಳು ಎಂದು ಗಡಿಯಾರ ನೋಡಿ ಹೇಳುವಾಕೆ. ಅಂಥವರೇ ಕೈಚೆಲ್ಲಿ ಹೋದ ಮೇಲೆ ಹೆಂಡತಿಗೂ ಅನುಮಾನ ಹುಟ್ಟಿತು.

“ಅದರಲ್ಲಿ ನಟಿಯರು ಇಬ್ಬರಂತೆ?”

“ಇಬ್ಬರಿಗೂ ಅರವತ್ತು ದಾಟಿದೆ ಕಣೇ!”

“ನಿಮಗೂ ಹತ್ತಿರ ಬಂತಲ್ಲ,” ಎಂದು ಆಕೆ ಕಾಫಿ ಲೋಟವನ್ನು ಕುಕ್ಕಿ ಒಳಗೆ ಹೋದಳು.

ಬೀದಿಗಿಳಿದರೆ ಔಷಧಿ ಅಂಗಡಿಯವನು ಕೌಂಟರಿನ ಮೇಲೆ ಅರ್ಧ ದೇಹ ಚಾಚಿ ಕೂಗಿದ: “ಸಾರ್, ಚಾನೆಲ್‌ನೋರು ಏನು ಕೊಟ್ರು? ಕಾರಾ, ಮನೆಯಾ?”

“ಏನೂ ಕೊಟ್ಟಿಲ್ರೀ!”

“ಪುಕ್ಕಟೆ ಹೊಗಳಿದ್ರಾ? ಛೆ ಛೆ, ಅದು ಇನ್ನೂ ನಾಚಿಕೆಗೇಡು.”

ಕಚೇರಿಯಲ್ಲಿ ಸಂಪಾದಕರು ಎರಡು ಫೋನುಗಳನ್ನು ಕಿವಿಗೊಂದರಂತೆ ಒತ್ತಿಕೊಂಡು ಕೂತಿದ್ದರು. ಎರಡನ್ನೂ ಕೆಳಗಿಟ್ಟು, “ಏನಿದು?” ಎಂದರು.

“ಸಾರ್, ನಿಜವಾಗ್ಲೂ ಚೆನ್ನಾಗಿದೆ,” ಎಂದ ಚಾಟಿ. ಮೊದಲ ಪ್ರೇಮದ ಹುಡುಗನಂತೆ ಅವನ ಧ್ವನಿ ಒಡೆಯುತ್ತಿತ್ತು. “ಅಕ್ಕ ತಂಗಿ, ಒಂದೇ ಅಂಗಡಿ, ನಡುವೆ ಒಂದು ಪರದೆ. ಮಾತು ಬಿಟ್ಟು ಎಷ್ಟೋ ವರ್ಷ ಆಗಿದೆ. ಆದರೂ ಇವಳ ಯಂತ್ರ ನಿಂತರೆ ಅವಳು ತಲೆ ಎತ್ತುತ್ತಾಳೆ. ಕೂಗಾಟ ಇಲ್ಲ, ಜುಟ್ಟು ಹಿಡಿದು ಎಳೆದಾಟ ಇಲ್ಲ. ಇವತ್ತು ಮುಗಿದೇ ಹೋಗುತ್ತೆ ಸಾರ್! ಮುಗಿಸೋದು ಗೊತ್ತಿರೋರು ಈ ಕಾಲದಲ್ಲಿ ಎಷ್ಟು ಜನ ಇದ್ದಾರೆ?”

“ನಂಗೂ ಅಳು ಬರ್ತಿದೆ, ಆದ್ರೆ ಕಾರಣ ಬೇರೆ,” ಎಂದರು ಸಂಪಾದಕರು. “ನಿಮ್ಮ ಬೈಗುಳ ಇಲ್ದೆ ಕಾಫಿ ಇಳೀತಿಲ್ಲ ಅಂತ ಓದುಗರು ಪ್ರಾಣ ತೆಗೀತಿದ್ದಾರೆ. ಇವತ್ತು ಕೊನೆ ಕಂತು ನೋಡಿ. ಚರ್ಮ ಸುಲಿದು ಕಳಿಸಿ. ಇಲ್ಲಾಂದ್ರೆ ನಾಳೆಯಿಂದ ಹವಾಮಾನ ಬರೀರಿ.”

ಹವಾಮಾನ! ಮೋಡವನ್ನು ಬೈದರೆ ಯಾರು ಓದುತ್ತಾರೆ? ಚಾಟಿ ನೆನೆದ ಕೋಳಿಯಂತೆ ಮನೆಗೆ ಬಂದ. ತಪ್ಪು ಹುಡುಕಲೇಬೇಕು, ಹುಡುಕಿದರೆ ಯಾವುದರಲ್ಲಿ ಸಿಗುವುದಿಲ್ಲ ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡ.

ಸಂಜೆ ನೋಡಿದರೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಚಾಟಿಯನ್ನು ಕೆಡಿಸಿದ ಧಾರಾವಾಹಿ ಯಾವುದೆಂದು ನೋಡಲು ಇಡೀ ಕಟ್ಟಡವೇ ಇಳಿದು ಬಂದಿತ್ತು. ಔಷಧಿಯವನು ಅಂಗಡಿ ಬೇಗ ಮುಚ್ಚಿ ಬಂದಿದ್ದ. ಚಾಟಿಯ ಕುರ್ಚಿಯಲ್ಲಿ ನರ್ಸಮ್ಮ. ಚಾಟಿಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಜಾಗ ಸಿಕ್ಕಿತು.

“ಇದೇನು, ಬರೀ ಟರ್ರು ಟರ್ರು. ಯಾರೂ ಬಾಯೇ ಬಿಡ್ತಿಲ್ಲ,” ಎಂದು ನರ್ಸಮ್ಮ ಶುರು ಮಾಡಿದರು. “ಅಕ್ಕನ ಕನ್ನಡಕ ನೋಡಿ, ಮೂಗಿನ ತುದಿಗೇ ಬಂದಿದೆ.” ಆಮೇಲೆ, “ಪಾಪ, ಕೈ ನಡುಗ್ತಿದೆ.” ಆಮೇಲೆ ಅವರೂ ಸುಮ್ಮನಾದರು.

ಅಕ್ಕನಿಗೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ದಾರದ ತುದಿಯನ್ನು ನಾಲಗೆಗೆ ಒತ್ತಿ, ಕಣ್ಣು ಕಿರಿದು ಮಾಡಿ, ಮತ್ತೆ ಮತ್ತೆ ಸೋಲುತ್ತಿದ್ದಳು. ಪರದೆಯಾಚೆಯ ಯಂತ್ರ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಪರದೆಯ ಅಂಚಿನಿಂದ ಒಂದು ಕೈ ಈಚೆ ಬಂತು, ಅಂಗೈ ಮೇಲಾಗಿ. ಅಕ್ಕ ಸೂಜಿಯನ್ನೂ ದಾರವನ್ನೂ ಅದರಲ್ಲಿಟ್ಟಳು. ಕೈ ಒಳಗೆ ಹೋಯಿತು. ದಾರ ಪೋಣಿಸಿದ ಸೂಜಿಯೊಂದಿಗೆ ಮರಳಿತು. ಅಕ್ಕ ಸೂಜಿ ತೆಗೆದುಕೊಂಡಳು, ಕೈಯನ್ನು ಮಾತ್ರ ಬಿಡಲಿಲ್ಲ.

ನಡುಮನೆಯಲ್ಲಿ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗಂಡನ ಕಡೆ ನೋಡಿದಳು. ಬೆಳಗಿನ ಅನುಮಾನವೆಲ್ಲ ಆ ನೋಟದಲ್ಲಿ ಕರಗಿತ್ತು.

“ಇಲ್ಲಿ ಒಂದೇ ಒಂದು ಮಾತು ಆಡಿದ್ರೂ ಕೆಟ್ಟುಹೋಗ್ತಿತ್ತು,” ಎಂದರು ನರ್ಸಮ್ಮ ಮೆಲ್ಲಗೆ. “ಆಡ್ಲಿಲ್ಲ, ಪುಣ್ಯಾತ್ಮರು.”

ಚಾಟಿಗೆ ಎದೆಯುಬ್ಬಿತು. ಜಾಹೀರಾತು ಶುರುವಾಗುತ್ತಿದ್ದಂತೆ ಚಪ್ಪಲಿಗಳ ಮಧ್ಯದಿಂದಲೇ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಸಂಪಾದಕರಿಗೆ ಫೋನು ಮಾಡಿದ.

“ನಾನು ಬೈಯಲ್ಲ ಸಾರ್! ಬೇಕಾದ್ರೆ ಜೀವಮಾನವೆಲ್ಲ ಮಳೆ ಬಿಸಿಲು ಬರ್ಕೊಂಡಿರ್ತೀನಿ. ಇದನ್ನ ಬೈಯಲ್ಲ!”

ಜನ ಚಪ್ಪಾಳೆ ತಟ್ಟಿದರು.

“ಬೈದೀರಿ ಜೋಕೆ!” ಎಂದು ಸಂಪಾದಕರು ಆ ಕಡೆಯಿಂದ ಕಿರುಚಿದರು. “ಚಾನೆಲ್‌ನೋರು ಈಗ ತಾನೇ ಬಂದು ಹೋದ್ರು. ಚಾಟಿಯೇ ಮೆಚ್ಚಿದ ಮೇಲೆ ಮುಗಿಸೋದು ಯಾಕೆ ಅಂತ ಮಧ್ಯಾಹ್ನವೇ ತೀರ್ಮಾನ ಮಾಡಿ, ಹೊಸ ದೃಶ್ಯವನ್ನೂ ತೆಗೆದು ಸೇರಿಸಿದ್ರಂತೆ. ಸಾವಿರ ಕಂತು ಎಳೀತಾರೆ! ನಮ್ಮ ಮುಖಪುಟಕ್ಕೆ ದಿನಾ ಜಾಹೀರಾತು. ನೀವು ದಿನಾ ಹೊಗಳ್ಬೇಕು, ಒಪ್ಕೊಂಡಾಯ್ತು.”

“ಸಾವಿರವಾ? ಕತೆ ಮುಗೀತಲ್ಲ ಸಾರ್!”

ಅಷ್ಟರಲ್ಲಿ ಟಿ.ವಿ.ಯಲ್ಲಿ ಗುಡುಗಿತು. ಹೊಲಿಗೆ ಅಂಗಡಿಯ ಬಾಗಿಲು ಧಡಾರನೆ ತೆರೆದು, ಕಪ್ಪು ಕನ್ನಡಕದ ಹೆಂಗಸೊಬ್ಬಳು ಒಳಗೆ ನುಗ್ಗಿದಳು. ಅವಳ ಮುಖವನ್ನು ಎಡದಿಂದ ತೋರಿಸಿದರು, ಬಲದಿಂದ ತೋರಿಸಿದರು, ಕೆಳಗಿನಿಂದಲೂ ತೋರಿಸಿದರು.

“ನಿಮ್ಮಪ್ಪನಿಗೆ ಮೂರನೇ ಮಗಳೊಬ್ಬಳು ಇದ್ದಾಳೆ!” ಎಂದು ಅಬ್ಬರಿಸಿ ಕೈ ಎತ್ತಿದಳು. ಕೈಯಲ್ಲಿ ಒಂದು ಪುಟ್ಟ ಬಾಟಲಿ, ಅದರಲ್ಲಿ ಹಸಿರು ದ್ರವ.

“ಅಯ್ಯೋ, ಕೆಡಿಸಿಬಿಟ್ರು!” ಎಂದು ಚಾಟಿ ತಲೆಯ ಮೇಲೆ ಕೈಹೊತ್ತು, ಆಸರೆಗಾಗಿ ನರ್ಸಮ್ಮನ ಕಡೆ ನೋಡಿದ.

ನರ್ಸಮ್ಮ ಕುರ್ಚಿಯ ತುದಿಗೆ ಜರುಗಿ, ಬಾಯಿ ಅರ್ಧ ತೆರೆದು ಕೂತಿದ್ದರು. “ಯಾರಿಗೆ ಕುಡಿಸ್ತಾಳೋ?”

“ಹಸಿರು ಅಂದ್ರೆ ನಿಧಾನಕ್ಕೆ ಕೊಲ್ಲೋ ವಿಷ,” ಎಂದ ಔಷಧಿಯವನು, ಕಣ್ಣು ಮಿಟುಕಿಸದೆ.

“ಹಲೋ, ಇದ್ದೀರಾ?” ಎಂದು ಫೋನು ಕೇಳುತ್ತಿತ್ತು. “ಪುಟ ನಿಮಗಾಗಿ ಕಾಯ್ತಿದೆ.”

ಚಾಟಿ ಏನೋ ಹೇಳಲು ಬಾಯಿ ತೆರೆದ.

“ಶ್! ಸುಮ್ನಿರ್ರೀ,” ಎಂದು ಹೆಂಡತಿ ತಿರುಗದೆಯೇ ಗದರಿದಳು. “ನಾಳೆಯದ್ದು ತೋರಿಸ್ತಿದ್ದಾರೆ.”