ಮಾಮ ಸುತ್ತಿದ ಜಿಲೇಬಿ

ನಮ್ಮ ಸೋದರಮಾವ ಭಾನುವಾರ ಬಂತೆಂದರೆ ಜಿಲೇಬಿ ತರಲು ಹೊರಡುತ್ತಾರೆ. ಬೇಕರಿಗಲ್ಲ, ಕೆರೆಗೆ! ನಗಬೇಡಿ. ನಮ್ಮ ಕಡೆ ಕೆರೆಗಳಲ್ಲಿ ಸಿಗುವ, ಬೆನ್ನ ಮೇಲೆ ಮುಳ್ಳಿರುವ ಅಂಗೈಯಗಲದ ಮೀನಿಗೆ ಜಿಲೇಬಿ ಎಂದೇ ಹೆಸರು. ಹೆಸರಿಟ್ಟ ಪುಣ್ಯಾತ್ಮ ಯಾರೋ, ಮೀನು ತಿಂದು ಇಟ್ಟನೋ ಸಿಹಿ ತಿಂದು ಇಟ್ಟನೋ, ನನಗಂತೂ ಗೊತ್ತಿಲ್ಲ.

ಬೆಂಗಳೂರಿನ ಅಂಚಿನ ಕೋಗಿಲಿನಲ್ಲಿ ತಾತ ರಾಗಿ ಬೆಳೆದ ಜಾಗದಲ್ಲಿ ಮಾಮ ಈಗ ಬಾಡಿಗೆ ಮನೆ ಬೆಳೆದಿದ್ದಾರೆ. ಮೇಲಿನ ಮನೆಗೆ ಹೊಸದಾಗಿ ಬಂದಿದ್ದ, ಈರುಳ್ಳಿಯನ್ನೂ ಮುಟ್ಟದ ಹೆಂಗಸೊಬ್ಬರು ಮೆಟ್ಟಿಲ ಮೇಲಿಂದಲೇ, "ಅಂಕಲ್, ಜಿಲೇಬಿ ತರೋಕೆ ಹೊರಟ್ರಾ? ನಮಗೂ ನಾಲ್ಕು ತನ್ನಿ. ಬಿಸಿ ಇದ್ರೆ ಮಕ್ಕಳು ಇಷ್ಟಪಟ್ಟು ತಿಂತಾರೆ" ಎಂದು ಸ್ಟೀಲ್ ಡಬ್ಬಿ ಕೊಟ್ಟರು. ಮಾಮ ಕೊಟ್ಟ ಮಾತಿಗೆ ತಪ್ಪುವವರೇ? ಮಧ್ಯಾಹ್ನ ಡಬ್ಬಿ ಒಪ್ಪಿಸಿ, "ಬಿಸಿ ಇಲ್ಲಮ್ಮ, ಆದ್ರೆ ಜೀವ ಐತೆ" ಎಂದರು! ಆ ಕಿರುಚಾಟಕ್ಕೆ ಪಕ್ಕದ ಬೀದಿಯ ನಾಯಿಗಳೂ ಎದ್ದವು. ಡಬ್ಬಿಯನ್ನು ಆಕೆ ವಾಪಸ್ ಕೇಳಲೇ ಇಲ್ಲ. ಅದರಲ್ಲೀಗ ಮಾಮ ಎರೆಹುಳ ಸಾಕುತ್ತಾರೆ.

ಮಾಮನ ಪ್ರಾಣಸ್ನೇಹಿತರು ಖಲೀಲ್ ಸಾಹೇಬರು, ಲಾರಿಗೆ ಬಾಡಿ ಕಟ್ಟುತ್ತಿದ್ದವರು. ದಡದಲ್ಲಿ ನಿಂತು ಅವರು ಗಾಳ ಬೀಸಿದರೆ ಅದು ಕೆರೆಯ ನಡುವೆ ಹೋಗಿ ಬೀಳುತ್ತಿತ್ತು. ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತು. ಬೆರಳು ಮಡಚುತ್ತಿದ್ದವು, ಸ್ಪರ್ಶ ಮಾತ್ರ ಗೊತ್ತಾಗುತ್ತಿರಲಿಲ್ಲ. "ಕೈ ಹೋಯ್ತು ಯಾರ್, ಗಾಳಾನೂ ಹೋಯ್ತು" ಎಂದು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಮಾಮ ಅವರ ಮಂಚದ ಮುಂದೆ ನಿಂತು, "ತಟ್ಟೆ ತುಂಬೋ ಅಂತಾ ಜಿಲೇಬೀನ ನಿನ್ ಬಲಗೈಲೇ ಇಡಿಸ್ತೀನಿ. ಇಡಿಸ್ದೆ ಓದ್ರೆ ನಾನೂ ಗಾಳ ಮುಟ್ಟಲ್ಲ ಓಗು!" ಎಂದು ಪಂಥ ಕಟ್ಟಿದರು. ಗಾಳ ಬಿಟ್ಟ ಮಾಮ ಮನೆಯಲ್ಲೇ ಕೂತರೆ ತಮ್ಮ ಗತಿಯೇನೆಂದು ಅತ್ತೆ ದೇವರಿಗೆ ಹರಕೆ ಹೊತ್ತರು.

ಬೀಸಲಾಗದ ಕೈಗೆ ಮಾಮ ಕಂಡುಕೊಂಡ ಉಪಾಯ ಇದು: ಹರಿಗೋಲಿನಲ್ಲಿ ಕೂತು, ಗಾಳದ ದಾರವನ್ನು ಹಿಂದೆ ಇಳಿಬಿಟ್ಟು, ಎಳೆಯುತ್ತಾ ಸಾಗುವುದು. ದಾರ ಹಿಡಿದು ಕೂತರೆ ಸಾಕು.

"ಕೂತ ಕಡೆಯೇ ಗಾಳ ಹಾಕಿದರೆ ಮೀನು ಬರೋದಿಲ್ಲವೇ ಮಾಮ?" ಎಂದು ನಾನು ಕೇಳಿದೆ.

"ಬೆಂಗಳೂರ್ ಮೀನು ಕಣೋ! ಅದುಕ್ಕೂ ಊಟ ಮನೆ ಬಾಗ್ಲಿಗೇ ಬರ್ಬೇಕು!"

ಹರಿಗೋಲಿನ ಸ್ವಭಾವ ನಿಮಗೆ ಗೊತ್ತಲ್ಲ? ಅದು ಮುಂದೆ ಹೋಗುವುದಕ್ಕಿಂತ ಸುತ್ತುವುದೇ ಹೆಚ್ಚು. ಹುಟ್ಟು ಹಾಕುತ್ತಿದ್ದವರು ಇನ್ನೊಬ್ಬ ಗೆಳೆಯ ಮುನಿರಾಜಣ್ಣ. ಮೊದಲ ಭಾನುವಾರ ನಾವು ನಾಲ್ವರೂ ಗಿರಗಿರನೆ ತಿರುಗಿ, ದಾರ ನಮ್ಮನ್ನೇ ಸುತ್ತಿಕೊಂಡು, ಕೊನೆಗೆ ಗಾಳ ನನ್ನ ಪ್ಯಾಂಟಿಗೆ ಸಿಕ್ಕಿತು.

"ದೊಡ್ಡದೇ ಬಿದ್ದೈತೆ ಗುರು!" ಎಂದರು ಮುನಿರಾಜಣ್ಣ.

ಖಲೀಲ್ ಸಾಹೇಬರು ನಕ್ಕರು. ತಿಂಗಳುಗಳ ಮೇಲೆ ನಕ್ಕಿದ್ದು ಅದೇ ಮೊದಲು.

ಮುಂದಿನ ವಾರ ಮಾಮ ಅತ್ತೆಯ ಬಚ್ಚಲ ಬಕೆಟ್ ಕದ್ದು ತಂದು ಹರಿಗೋಲಿನ ಹಿಂದೆ ಕಟ್ಟಿದರು. ನೀರು ತುಂಬಿದ ಬಕೆಟ್ ಜಗ್ಗಿ ಹಿಡಿದದ್ದಕ್ಕೆ ಸುತ್ತುವುದು ನಿಂತಿತು. ಮನೆಯಲ್ಲಿ ಅತ್ತೆ ಬಕೆಟ್ ಹುಡುಕುತ್ತಾ ಸುತ್ತುವುದು ಶುರುವಾಯಿತು.

ಆದರೆ ಮೀನು? ಒಂದೂ ಇಲ್ಲ. ಸಾಹೇಬರ ಮುಖ ಮತ್ತೆ ಇಳಿಯತೊಡಗಿತು. ಆಗ ಇದ್ದಕ್ಕಿದ್ದಂತೆ ದಾರ ಜಗ್ಗಿತು. "ನೋಡ್ದಾ, ಕಚ್ತು! ಕಚ್ಬಿಟ್ಟು ಓಯ್ತು!" ಎಂದು ಮಾಮ ಕುಣಿದರು. ಸಾಹೇಬರು ನೆಟ್ಟಗೆ ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಜಗ್ಗಿತು. ನನಗೆ ಅನುಮಾನ ಬಂದು ಬಗ್ಗಿ ನೋಡಿದರೆ, ಅಂಚಿನ ಮೇಲೆ ಕಾಲು ಚಾಚಿದ್ದ ಮಾಮ ಹೆಬ್ಬೆರಳಿನಿಂದ ದಾರ ಮೀಟುತ್ತಿದ್ದರು! ನಾನು ನೋಡಿದ್ದನ್ನು ನೋಡಿ, ಬಾಯಿ ಬಿಟ್ಟರೆ ನೀರಿಗೆ ಹಾಕುತ್ತೇನೆಂದು ಕಣ್ಣಲ್ಲೇ ಹೇಳಿದರು. ನನಗೆ ಈಜು ಬರುವುದಿಲ್ಲ.

ಹೀಗೆ ಎಷ್ಟೋ ಭಾನುವಾರ ಮಾಮನ ಹೆಬ್ಬೆರಳೇ ಸಾಹೇಬರನ್ನು ಕೆರೆಗೆ ಕರೆತಂದಿತು. ಸಾಹೇಬರು ಪ್ರತಿ ಸಲವೂ ದಾರ ಅಲುಗುವುದನ್ನು ಕಣ್ಣಿಂದ ನೋಡಿಯೇ ತಿಳಿಯುತ್ತಿದ್ದರು.

ಮೊನ್ನೆಯ ಭಾನುವಾರ ಮಾಮ ಹರಿಗೋಲಿನ ನಡುವೆ ಚಕ್ಕಂಬಕ್ಕಳ ಹಾಕಿ ಕೂತು ಬೋಂಡ ತಿನ್ನುತ್ತಿದ್ದರು. ಸಾಹೇಬರು ದಾರ ಸುತ್ತಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಆಚೆ ದಡದ ಅಪಾರ್ಟ್‌ಮೆಂಟುಗಳನ್ನು ನೋಡುತ್ತಿದ್ದರು. ಒಮ್ಮೆಲೇ ಬೆಚ್ಚಿಬಿದ್ದರು.

"ಎಳೀತು! ಅರೆ, ಎಳೀತೈತೆ ಯಾರ್!"

"ಏನಾರ ಕಾಣಿಸ್ತಾ?" ಎಂದರು ಮಾಮ, ಬಾಯಿ ತುಂಬಾ ಬೋಂಡ.

"ನೋಡ್ಲಿಲ್ಲ ಕಣೋ, ನೋಡ್ಲಿಲ್ಲ! ಕೈಗೆ ಗೊತ್ತಾಯ್ತು!"

ನಾನು ಮೊದಲು ನೋಡಿದ್ದು ಮಾಮನ ಕಾಲನ್ನು. ಎರಡೂ ಅವರ ಅಡಿಯಲ್ಲೇ ಮಡಚಿಕೊಂಡಿದ್ದವು. ಬೋಂಡ ಕೆಳಗೆ ಬಿದ್ದಿತ್ತು. ಮೀನಿನ ಕಡೆ ತಿರುಗಿಯೂ ನೋಡದೆ, ನಮ್ಮ ಮಾಮ ಗೆಳೆಯನ ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗುವಿನಂತೆ ಅಳುತ್ತಿದ್ದರು.