ನುಗ್ಗೆ ರಸವೂ ಬೀಗರ ಬದನೆಕಾಯಿಯೂ

ಬದನೆ ಗಿಡಕ್ಕೆ ಬೇಕಾದದ್ದು ನೀರು, ಬಿಸಿಲು ಮತ್ತು ನನ್ನಂಥ ಯಜಮಾನ ಎಂದು ನಾನು ನಂಬಿದ್ದೆ. ಆ ನಂಬಿಕೆಯಲ್ಲೇ ಮಗಳ ನಿಶ್ಚಯದ ದಿನ ಬೀಗರಿಗೆ ಮಾತು ಕೊಟ್ಟುಬಿಟ್ಟೆ.

"ನಮ್ಮ ಮಾಳಮಡ್ಡಿ ಮನಿಗೆ ಊಟಕ್ಕ ಬರ್ರಿ. ಹಿತ್ತಲದಾಗ ಬೆಳದ ಬದನಿಕಾಯಿದ ಎಣ್ಣಿಗಾಯಿ ಮಾಡಿಸ್ತೇನಿ. ಪ್ಯಾಟಿ ಕಾಯಿ ನಮ್ಮ ಹೊಸ್ತಿಲಾ ದಾಟೂದಿಲ್ಲ."

ಆಗ ಹಿತ್ತಲಲ್ಲಿದ್ದದ್ದು ಗೇಣುದ್ದದ ಸಸಿಗಳು. ಆದರೂ ಚಿಂತೆಯಿರಲಿಲ್ಲ. ನುಗ್ಗೆ ಸೊಪ್ಪು ರುಬ್ಬಿ, ಸೋಸಿ, ಒಂದು ಪಾಲು ರಸಕ್ಕೆ ಮೂವತ್ತು ಪಾಲು ನೀರು ಬೆರೆಸಿ, ಆಗೊಮ್ಮೆ ಈಗೊಮ್ಮೆ ಸಿಂಪಡಿಸಿದರೆ ಗಿಡ ಹುಲುಸಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ನೀರು ಬೆರೆಸುವುದು ಹಾಲಿನವನ ಕೆಲಸ, ನನಗೇಕೆ? ಹೆಂಡತಿಯ ಮಿಕ್ಸರಿನಲ್ಲಿ ರುಬ್ಬಿದ ಗಟ್ಟಿ ರಸವನ್ನೇ ದಿನಾ ಬೆಳಿಗ್ಗೆ ಬುಡಕ್ಕೆ ಸುರಿದೆ.

"ಸಾರಿಗೆ ಉಪ್ಪ ಹೆಚ್ಚ ಹಾಕಿದ್ರ ರುಚಿ ಹೆಚ್ಚಾಗತದೇನ್ರಿ?" ಎಂದಳು ಹೆಂಡತಿ.

"ನಿನಗ ಕೃಷಿ ತಿಳಿಯಂಗಿಲ್ಲ, ಸುಮ್ನಿರು," ಎಂದೆ.

ಗಿಡಗಳು ನನ್ನ ಎದೆಯೆತ್ತರ ಬೆಳೆದವು. ಎಲೆಯೋ, ಮೊರದಗಲ. ಅಕ್ಕಪಕ್ಕದವರು ಬಂದು ನೋಡಿದರು. ನಾನು ಕೈಕಟ್ಟಿ ನಿಂತು ಉಪನ್ಯಾಸ ಕೊಟ್ಟೆ. ರಸವೆಲ್ಲ ಎಲೆಗೇ ಹೋಗಿತ್ತು, ಕಾಯಿ ಮಾತ್ರ ಒಂದೂ ಇಲ್ಲ! ಅಷ್ಟರಲ್ಲಿ ನಾಳೆ ಬರುತ್ತೇವೆ ಎಂದು ಬೀಗರ ಫೋನು ಬಂತು. ಮಗಳು ಕಾಲಿಡುವ ಮೊದಲೇ ಆ ಮನೆಯಲ್ಲಿ ಅವಳಪ್ಪ ಬಡಾಯಿಕೋರ ಎನಿಸಿಕೊಳ್ಳಬೇಕೇ?

ಸಂಜೆ ಕದ್ದು ಮಾರ್ಕೆಟ್ಟಿಗೆ ಹೋದೆ. ಮಾರಿ ಉಳಿದ ಬೆರಕೆ ಬದನೆಕಾಯಿಗಳೇ ಸಿಕ್ಕವು. ಬೀಗರಿಗೆ ದೂರದಿಂದ ತೋರಿಸಿ, ಆಮೇಲೆ ಅಡುಗೆಮನೆಗೆ ಸಾಗಿಸುವ ಉಪಾಯ. ಹೊಲಿಗೆ ಡಬ್ಬಿಯ ದಾರ ತೆಗೆದು ಕಾಯಿಗಳನ್ನು ಗಿಡಗಳಿಗೆ ಕಟ್ಟತೊಡಗಿದೆ.

"ಇಷ್ಟ ಒದ್ದಾಡೂದ್ಯಾಕ? ಖರೇ ಹೇಳಿಬಿಡ್ರಿ," ಎಂದಳು ಹೆಂಡತಿ.

ಖರೇ ಹೇಳುವ ಧೈರ್ಯವಿದ್ದಿದ್ದರೆ ದಾರವೇಕೆ ಬೇಕಿತ್ತು?

ಮರುದಿನ ಬೀಗರು ಚಹಾ ಕುಡಿದವರೇ ಎದ್ದರು. "ಕಾಯಿ ನಾನ ಕೈಯಾರೆ ಹರಿತೇನಿ," ಎಂದು ನೇರ ಹಿತ್ತಲಿಗೆ ನಡೆದರು. ನಾನು ನುಗ್ಗೆ ರಸದ ಮಹಿಮೆ ಹೇಳುತ್ತ ಅಡ್ಡ ನಿಂತೆ. ಅವರು ಪಕ್ಕಕ್ಕೆ ಸರಿಸಿದರು. ಒಂದೇ ಗಿಡದಲ್ಲಿ ಗುಂಡನೆಯ ಹಸಿರು ಕಾಯಿ ಒಂದು, ಉದ್ದನೆಯ ನೇರಳೆ ಕಾಯಿ ಒಂದು. ನೇರಳೆಯದನ್ನು ಹಿಡಿದೆಳೆದರು. ಅದರ ಹಿಂದೆ ಮೊಳದುದ್ದ ಕೆಂಪು ದಾರವೂ ಬಂತು.

ಬೀಗರು ದಾರವನ್ನು ನೋಡಿದರು, ನನ್ನನ್ನು ನೋಡಿದರು. ನಾಚಿಕೆಯಿಂದ ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅವರು ಬಹಳ ಗಂಭೀರವಾಗಿ ಕೇಳಿದರು:

"ಬೀಗರ, ರಸಾ ಎಷ್ಟ ಹಾಕಬೇಕಂತ ತಿಳೀತು. ದಾರ ಎಷ್ಟ ಹಾಕಬೇಕ್ರಿ?"

ಒಳಗಿನಿಂದ ಹೆಂಡತಿ, ಮಗಳು ಇಬ್ಬರೂ ನಕ್ಕದ್ದು ಕೇಳಿಸಿತು. ಎಣ್ಣೆಗಾಯಿ ರುಚಿಯಾಗಿತ್ತಂತೆ, ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮದುವೆ ಸುಸೂತ್ರವಾಗಿ ಆಯಿತು. ಬೀಗರು ಈಗಲೂ ಬರುವಾಗ ಒಂದು ಚೀಲ ಬದನೆಕಾಯಿ ತರುತ್ತಾರೆ. ಮೇಲೆ ತಪ್ಪದೆ ಒಂದು ದಾರದ ರೀಲು ಇಟ್ಟಿರುತ್ತಾರೆ.