ಅತ್ತೆ-ಸೊಸೆ ಗುಂಡಿನ ಕೊನೆಯ ಬೆಳಕು

ಗಂಗೂಬಾಯಿ ಅಂಟುಪಟ್ಟಿಯ ಸುರುಳಿ ಹಿಡಿದು ಮಹಡಿ ಹತ್ತಿ ಬರದೇ ಇದ್ದಿದ್ದರೆ ಅಂಬಾದಾಸ ಆ ಭಾನುವಾರವನ್ನೂ ಎಂದಿನಂತೆ ಹಾಸಿಗೆಯಲ್ಲೇ ಮುಗಿಸುತ್ತಿದ್ದ.

"ಅಂಬಾದಾಸ್‌ರ, ಕಿಟಕಿ ಗಾಜಿಗೆಲ್ಲ ಇದನ್ನ ಹಚ್ಚಿಬಿಡ್ರಿ. ನಾಳಿ ಮುಂಜಾನೆ ಮದ್ದಿಟ್ಟು ಗುಂಡು ಹಾರಸ್ತಾರಂತ. ಗಾಜು ಒಡದ್ರ ನನಗ ಅನ್ನಬ್ಯಾಡ್ರಿ ಮತ್ತ."

ಗಂಗೂಬಾಯಿ ಆ ಮನೆಯ ಒಡತಿ. ಕೆಳಗೆ ಅವರು, ಮೇಲೆ ಬಾಡಿಗೆಗೆ ಅಂಬಾದಾಸ ಮತ್ತು ಅವನ ಹೆಂಡತಿ ಗುರುದೇವಿ. ನಗರದಂಚಿನ ಮಣಿಕೊಂಡದಲ್ಲಿ ಜೋಳದ ಹೊಲಗಳಿದ್ದ ಕಾಲದಿಂದಲೂ ಗಂಗೂಬಾಯಿ ಅಲ್ಲಿದ್ದವರು.

"ಯಾವ ಗುಂಡುರಿ?" ಅಂಬಾದಾಸ ಆಕಳಿಸುತ್ತ ಕೇಳಿದ.

"ಅದರಿ, ನಮ್ಮ ಅತ್ತಿ-ಸೊಸಿ ಗುಂಡು. ನಿಮ್ಮಂಥಾ ಕಂಪ್ಯೂಟರ್ ಮಂದಿ ಕುಂದರಾಕ ಅಲ್ಲಿ ದೊಡ್ಡ ಆಫೀಸು ಏಳತೈತಂತ."

ಅರ್ಧಕ್ಕೆ ಬಂದ ಆಕಳಿಕೆ ಅಲ್ಲೇ ನಿಂತಿತು. ಅಂಬಾದಾಸ ಬಾಯಿ ತೆರೆದುಕೊಂಡೇ ಗ್ಯಾಲರಿಗೆ ಓಡಿದ.

ಎದುರಿನ ಗುಡ್ಡದ ನೆತ್ತಿಯಲ್ಲಿ ಗುಂಡು ಇನ್ನೂ ಕೂತಿತ್ತು. ನಿಜವಾಗಿ ಅದು ಎರಡು ಬಂಡೆ. ಅಗಲವಾದ, ಭಾರವಾದ ಬಂಡೆಯೊಂದು ತನಗಿಂತ ಸಣ್ಣ ಬಂಡೆಯ ತಲೆಯ ಮೇಲೆ ಆರಾಮವಾಗಿ ಕೂತಿತ್ತು. ಎರಡೂ ಸೇರಿದರೆ ನಾಲ್ಕಂತಸ್ತಿನ ಮನೆಯಷ್ಟು ಎತ್ತರ. ಮೇಲಿನದು ಅತ್ತೆ, ಕೆಳಗಿನದು ಸೊಸೆ. ಎಷ್ಟು ಯುಗಗಳಾದರೂ ಅತ್ತೆ ಇಳಿದಿರಲಿಲ್ಲ, ಸೊಸೆ ಕುಸಿದಿರಲಿಲ್ಲ.

ಅಂಬಾದಾಸ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಅದೇ ಚಾಳಿ ಅವನ ಫೋಟೊಗ್ರಫಿಗೂ ಅಂಟಿಕೊಂಡಿತ್ತು. ಬೆಟ್ಟ, ಬಂಡೆ, ಬಯಲುಗಳನ್ನು ವಿಶೇಷ ಬೆಳಕಿನಲ್ಲಿ ಹಿಡಿಯಬೇಕೆಂಬ ಹುಚ್ಚು. ಲದ್ದಾಖಿಗೆ ಹೋಗಿ ತಲೆಸುತ್ತು ಬಂದು ಲಾಡ್ಜಿನ ಸೂರು ನೋಡಿಕೊಂಡು ಬಂದ. ಹಂಪಿಗೆ ಹೋದಾಗ ಮೋಡ ಮುಚ್ಚಿತ್ತು, ಕೊಂಕಣಕ್ಕೆ ಹೋದಾಗ ಮೋಡವೇ ಇರಲಿಲ್ಲ. ಮನೆಯ ಗ್ಯಾಲರಿಯಿಂದ ಕಾಣುವ ಈ ಗುಂಡನ್ನು ಮಾತ್ರ ಒಂದು ಸಲವೂ ತೆಗೆದಿರಲಿಲ್ಲ. ಒಂದು ದಿನ ಬೆಳಕು ಚಪ್ಪಟೆ, ಒಂದು ದಿನ ಧೂಳು, ಒಂದು ದಿನ ನಿದ್ದೆ.

"ಅಡ್ಡಾಡಿ ಅಡ್ಡಾಡಿ ದೇಶದ ಕಲ್ಲೆಲ್ಲ ನೋಡ್ಕೊಂಡು ಬಂದ್ರಿ," ಒಳಗಿನಿಂದ ಗುರುದೇವಿ ಅಂದಳು. "ಅಂಗಳದಾಗಿನ ಕಲ್ಲಿಗೆ ನಿಮ್ಮ ಕ್ಯಾಮೆರಾ ತಾಗಲಿಲ್ಲ."

ಅಂಬಾದಾಸ ಗ್ಯಾಲರಿಯ ಕಂಬಿಯಾಚೆ ಬಾಗಿದ. ಅವನು ಪಶ್ಚಿಮದ ಕಡೆ ನೋಡುತ್ತಿದ್ದ. ಮಧ್ಯಾಹ್ನವೆಲ್ಲ ಸುರಿದ ಮಳೆ ಆಗಷ್ಟೇ ನಿಂತಿತ್ತು. ಗುಂಡಿನ ಹಿಂದೆ, ಮೂಡಣದಲ್ಲಿ, ಎಮ್ಮೆಯ ಬೆನ್ನಿನಂಥ ಕರಿಮೋಡ. ಪಡುವಣದಲ್ಲಿ ಮಾತ್ರ ಮೋಡದ ಅಂಚು ಹರಿದು ಅಂಗೈಯಗಲ ಸಂದು ಬಿದ್ದಿತ್ತು. ಸೂರ್ಯ ಆ ಸಂದಿಗೆ ಇಳಿದರೆ ಬೆಳಕು ನೇರ ಬಂಡೆಗೆ ಹೊಡೆಯುತ್ತದೆ. ಹಿಂದೆ ಕಪ್ಪು, ಮುಂದೆ ಕೆಂಡ! ಮೂರು ವರ್ಷ ಅವನು ಕಾದದ್ದು ಇದಕ್ಕೇ. ಮೇಲಾಗಿ ಕಂಪನಿಯ ಛಾಯಾಚಿತ್ರ ಸ್ಪರ್ಧೆಯ ನಿಸರ್ಗ ವಿಭಾಗಕ್ಕೆ ಚಿತ್ರ ಕೊಡಲು ನಾಳೆಯೇ ಕೊನೆಯ ದಿನ. ಪ್ರತಿ ವರ್ಷ ಅವನ ಸಹೋದ್ಯೋಗಿ, ಮಂಗಳೂರಿನ ಉಪೇಂದ್ರ ಯಾವುದಾದರೊಂದು ಜಲಪಾತ ತಂದು ಗೆಲ್ಲುತ್ತಿದ್ದ. ಈ ಸಲ ಅವನೇ ತೀರ್ಪುಗಾರರ ಮುಖ್ಯಸ್ಥ, ಆದ್ದರಿಂದ ಜಲಪಾತದ ಕಾಟವಿಲ್ಲ.

"ಟ್ರೈಪಾಡ್ ಎಲ್ಲೈತಿ?" ಎಂದು ಕೂಗಿದ.

ಟ್ರೈಪಾಡ್ ಹಿತ್ತಲ ಬಾಲ್ಕನಿಯಲ್ಲಿ ಮೂರು ಕಾಲು ಚಾಚಿ ನಿಂತಿತ್ತು. ಅದರ ಮೇಲೆ ಗುರುದೇವಿಯ ಎರಡು ಸೀರೆ, ಅಂಬಾದಾಸನ ಬನಿಯನ್ ಒಣಗುತ್ತಿದ್ದವು.

"ಎಷ್ಟು ದಿನ ಸುಮ್ಮನ ನಿಂತಿತ್ತಲ್ಲ, ಅದಕ್ಕೂ ಒಂದು ಕೆಲಸ ಕೊಟ್ಟೀನಿ," ಅಂದಳು ಗುರುದೇವಿ.

ಸೀರೆ, ಬನಿಯನ್‌ಗಳನ್ನು ಕಿತ್ತೆಸೆದು, ಟ್ರೈಪಾಡನ್ನು ಹೆಗಲಿಗೇರಿಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅಂಬಾದಾಸ ಮೆಟ್ಟಿಲಿಳಿದ. ಕೆಳಗೆ ಗಂಗೂಬಾಯಿ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ತಯಾರಾಗಿ ನಿಂತಿದ್ದರು. ಅಷ್ಟು ಬೇಗ ಯಾವಾಗ ಉಟ್ಟರೋ ಅವನಿಗೆ ತಿಳಿಯಲಿಲ್ಲ.

"ನಾನೂ ಬರ್ತೀನ್ರಿ. ಗುಂಡಿನ ಮುಂದ ನಂದೊಂದು ಫೋಟೊ ಆಗ್ಬೇಕು."

"ಅಮ್ಮಾರ, ಮಳಿ ಆಗೈತಿ, ಗುಡ್ಡ ಜಾರತೈತಿ..."

"ಆ ಗುಡ್ಡ ನನಗ ಜಾರಾಂಗಿಲ್ಲ, ನಡೀರಿ."

ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ರಾಮದಾಸರು ಕೊಡೆ ಬಡಿಯುತ್ತ ಸೇರಿಕೊಂಡರು. ಅವರು ಕೋಠಿ ಪೇಟೆಯಲ್ಲಿ ಮೂವತ್ತು ವರ್ಷ ಸ್ಟುಡಿಯೊ ಇಟ್ಟುಕೊಂಡು ಪಾಸ್‌ಪೋರ್ಟ್ ಫೋಟೊ ತೆಗೆದು ನಿವೃತ್ತರಾದವರು. ಕ್ಯಾಮೆರಾ ಕಂಡರೆ ಹಳೆಯ ಕುಸ್ತಿಪಟು ಅಖಾಡ ಕಂಡಂತೆ ಆಗುತ್ತಿತ್ತು ಅವರಿಗೆ.

"ಏನ್ ತೆಗ್ಯಾಕತ್ತೀರಿ? ಬಂಡಿಗಲ್ಲಾ? ಮುಖ ಇಲ್ಲದ ಫೋಟೊ ತಗೊಂಡು ಏನ್ ಮಾಡ್ತೀರಿ? ಇರ್ಲಿ, ನಾ ಇದ್ದೀನಿ, ಹೆದರಬ್ಯಾಡ್ರಿ."

ಹೀಗೆ ಏಕಾಂತದಲ್ಲಿ ನಿಸರ್ಗದೊಂದಿಗೆ ಮಾತಾಡಬೇಕಿದ್ದ ಅಂಬಾದಾಸನ ಹಿಂದೆ ಸಣ್ಣದೊಂದು ದಿಬ್ಬಣ ಹೊರಟಿತು. ಅವನ ಕಣ್ಣು ಪಡುವಣದ ಸಂದಿಯ ಮೇಲೇ ಇತ್ತು. ಸೂರ್ಯ ಇನ್ನೂ ಮೋಡದ ಮೇಲಿದ್ದ. ಇಳಿಯುತ್ತಿದ್ದ.

ಗುಡ್ಡದ ಬುಡದಲ್ಲಿ ಹೊಸ ಮುಳ್ಳುತಂತಿ, ತಂತಿಯಾಚೆ ಒಬ್ಬ ಕಾವಲುಗಾರ.

"ಫೋಟೊ ಖೀಂಚ್ನಾ ಮನಾ ಹೈ. ಸಾಬ್ ಕಾ ಆರ್ಡರ್," ಅಂದ ಅವನು, ಲಾಠಿ ಅಡ್ಡ ಹಿಡಿದು. ಫೋಟೊ ತೆಗೆಯಬಾರದೆಂದು ಸಾಹೇಬರ ಅಪ್ಪಣೆಯಂತೆ.

ಅಂಬಾದಾಸ ತನ್ನ ಕಂಪನಿಯ ಗುರುತಿನ ಚೀಟಿ ತೋರಿಸಿದ. ಕಾವಲುಗಾರ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಚೀಟಿಯಲ್ಲಿದ್ದವನಿಗೆ ಮೀಸೆಯಿದೆ, ನಿನಗಿಲ್ಲ ಎಂದ. ರಾಮದಾಸರು ಅದು ಫೋಟೊ ತೆಗೆದವನ ತಪ್ಪು, ಲೈಟಿಂಗ್ ಸರಿಯಿಲ್ಲದೆ ಮೂಗಿನ ನೆರಳು ತುಟಿಗೆ ಬಿದ್ದಿದೆ ಎಂದು ವಿವರಿಸತೊಡಗಿದರು. ಅಷ್ಟರಲ್ಲಿ ಗಂಗೂಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದರು.

"ಕಾಯ್ಕು ರೋಕ್ತಾ ರೇ? ಮೈ ಇದರ್ ಬಹೂ ಬನ್ಕೆ ಆಯಿ ಸೋ ವಖತ್ ತೇರಾ ಸಾಬ್ ಪೈದಾ ಬೀ ನೈ ಹುವಾ ಥಾ! ಹಟ್!"

ತನ್ನ ಸಾಹೇಬ ಹುಟ್ಟುವ ಮೊದಲೇ ಇಲ್ಲಿಗೆ ಸೊಸೆಯಾಗಿ ಬಂದವಳ ಮುಂದೆ ಆರ್ಡರಿನ ಬೆಲೆ ಎಷ್ಟೆಂದು ಕಾವಲುಗಾರನಿಗೂ ಹೊಳೆಯಲಿಲ್ಲ. ತಂತಿ ಎತ್ತಿ ಹಿಡಿದ. ಗಂಗೂಬಾಯಿ ನುಸುಳಿದರು, ರಾಮದಾಸರು ನುಸುಳಿದರು. ಅಂಬಾದಾಸ ನುಸುಳುವಾಗ ಪ್ಯಾಂಟು ತಂತಿಗೆ ಸಿಕ್ಕು ಹರಿಯಿತು. ಹತ್ತು ಹೆಜ್ಜೆ ಏರುವಷ್ಟರಲ್ಲಿ ಕಾಲು ಜಾರಿ, ಕ್ಯಾಮೆರಾವನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಕೆಸರಿನಲ್ಲಿ ಬೆನ್ನ ಮೇಲೆ ಬಿದ್ದ. ಗುಡ್ಡ ಜಾರದಿದ್ದದ್ದು ಗಂಗೂಬಾಯಿಗೊಬ್ಬರಿಗೇ.

ನೆತ್ತಿ ಮುಟ್ಟಿ ಟ್ರೈಪಾಡಿನ ಕಾಲು ಬಿಡಿಸುವುದಕ್ಕೂ ಸೂರ್ಯ ಸಂದಿಗೆ ಇಳಿಯುವುದಕ್ಕೂ ಸರಿಹೋಯಿತು.

ಮೊದಲು ಅತ್ತೆಯ ನೆತ್ತಿ ಹೊತ್ತಿಕೊಂಡಿತು. ಆಮೇಲೆ ಬೆಳಕು ಜೇನು ಸುರಿದ ಹಾಗೆ ನಿಧಾನವಾಗಿ ಇಳಿಯಿತು. ಅತ್ತೆಯ ಹೆಗಲು, ಮಡಿಲು, ಅದರ ಕೆಳಗೆ ಸೊಸೆಯ ಹಣೆ. ಮಳೆಯಲ್ಲಿ ತೊಯ್ದ ಕಲ್ಲು ಕುಲುಮೆಯ ಕಬ್ಬಿಣದಂತೆ ಕೆಂಪಾಯಿತು. ಹಿಂದಿನ ಕರಿಮೋಡ ಮತ್ತಷ್ಟು ಕಪ್ಪಾಯಿತು. ರಾಮದಾಸರು ಕೂಡ ಮಾತು ನಿಲ್ಲಿಸಿದರು.

ಅಂಬಾದಾಸ ಕ್ಯಾಮೆರಾಕ್ಕೆ ಕಣ್ಣಿಟ್ಟ. ಸೊಸೆ ಬಂಡೆಯ ಬುಡದಲ್ಲಿ ಒಂದು ಹಸಿರು ಸೀರೆ.

"ಅಮ್ಮಾರ, ಪಕ್ಕಕ್ಕ ಸರೀರಿ!"

"ನಂದು ತಗೀರಿ ಮೊದಲ," ಅಂದರು ಗಂಗೂಬಾಯಿ. ಒಂದು ಕೈ ಬಂಡೆಯ ಮೇಲಿಟ್ಟಿದ್ದರು. "ಮದಿವಿ ಆದ ಹೊಸದಾಗ ಅತ್ತಿ ಬೈದಾಗೆಲ್ಲ ಇಲ್ಲೇ ಬಂದು ಅಳಕೋತ ಕುಂದರ್ತಿದ್ದೆ. ನಮ್ಮವರು ಹುಡುಕ್ಕೋತ ಬಂದು, ಮಿರ್ಚಿ ಭಜಿ ಕಟ್ಟಿದ ಕಾಗದದ ಪುಡಿಕಿ ಕೈಯಾಗಿಟ್ಟು, 'ನೋಡು, ಈ ಸೊಸಿ ಎಷ್ಟು ತಾಳ್ಕೊಂಡಾಳ' ಅಂತಿದ್ರು. ಅವರದೂ ಫೋಟೊ ಇಲ್ಲ, ಇದರದೂ ಇಲ್ಲ."

"ಮುಖ ಸ್ವಲ್ಪ ಎಡಕ್ಕ ಮಾಡ್ರಿ, ಗದ್ದ ಕೆಳಗ," ಎಂದು ರಾಮದಾಸರು ತಮ್ಮ ಮೂವತ್ತು ವರ್ಷದ ಮಂತ್ರ ಹೇಳಿದರು. "ಹಾಂ, ಚಲೋ ಬರತೈತಿ. ನಾನೂ ಆ ಕಡೆ ನಿಂದರ್ತೀನಿ." ಜೇಬಿನಿಂದ ಬಾಚಣಿಗೆ ತೆಗೆದರು.

ಬೆಳಕು ಕರಗುತ್ತಿತ್ತು. ಅಂಬಾದಾಸನ ತಲೆಯೂ ಕಾಯಿತು. ಮೂರು ವರ್ಷದ ತಪಸ್ಸಿನ ಚೌಕಟ್ಟಿನಲ್ಲಿ ಒಂದು ಹುಲ್ಲುಕಡ್ಡಿಯೂ ಇರಬಾರದು. ಇಲ್ಲಿ ನೋಡಿದರೆ ಒಂದು ಇಳಕಲ್ ಸೀರೆ, ಒಂದು ಕೊಡೆ, ಒಂದು ಬಾಚಣಿಗೆ!

"ಇದು ನಿಸರ್ಗದ ಫೋಟೊರಿ! ಇದರಾಗ ಮನುಷ್ಯಾರು ಇರಬಾರ್ದು! ಸರೀರಿ ಅಂದ್ರ ಸರೀರಿ!" ಎಂದು ಕಿರುಚಿದ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು. ಮೆತ್ತಗೆ ಸೇರಿಸಿದ, "ಆಮ್ಯಾಲ ನಿಮ್ದು ತಗೀತೀನಿ. ಆಣಿ ಮಾಡಿ ಹೇಳ್ತೀನಿ."

ಗಂಗೂಬಾಯಿ ಬಂಡೆಯ ಮೇಲಿನ ಕೈ ತೆಗೆದರು. ಪಕ್ಕಕ್ಕೆ ಸರಿದರು. ಬಾಚಣಿಗೆ ಜೇಬಿಗೆ ಹೋಯಿತು.

ಅಂಬಾದಾಸ ಉಸಿರು ಬಿಗಿಹಿಡಿದು ಒತ್ತಿದ. ಮತ್ತೆ ಒತ್ತಿದ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಮೂಡಿದ ಚಿತ್ರ ನೋಡಿ ಅವನ ಕಣ್ಣು ತೇವವಾಯಿತು. ಕಪ್ಪು ಆಕಾಶ, ಉರಿಯುವ ಎರಡು ಕಲ್ಲು. ಮರವಿಲ್ಲ, ಮನೆಯಿಲ್ಲ, ತಂತಿಬೇಲಿಯಿಲ್ಲ. ಅವನಂಥ ತಪ್ಪು ಹುಡುಕುವವನಿಗೂ ಅದರಲ್ಲಿ ಒಂದು ತಪ್ಪು ಸಿಗಲಿಲ್ಲ.

"ಈಗ ಬರ್ರಿ ಅಮ್ಮಾರ," ಎಂದು ಅವನು ತಲೆಯೆತ್ತುವಷ್ಟರಲ್ಲಿ ಯಾರೋ ಊದಿದಂತೆ ಬೆಳಕು ಆರಿತು. ಸಂದು ಮುಚ್ಚಿತ್ತು. ದಪ್ಪ ಹನಿಗಳು ಬಿದ್ದವು. ಅವನು ಅವಸರದಲ್ಲಿ ಕ್ಯಾಮೆರಾವನ್ನು ಅಂಗಿಯೊಳಗೆ ಸೇರಿಸಿದ.

"ಕ್ಯಾಮೆರಾ ತೊಯ್ದ್ರ ಕೆಡತೈತ್ರಿ. ಈ ಬೆಳಕಿನಾಗ ಚಲೋನೂ ಬರಂಗಿಲ್ಲ. ನಾಳಿ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಇರ್ಲಿ ಬಿಡ್ರಿ," ಅಂದರು ಗಂಗೂಬಾಯಿ. ಇಳಿಯುವಾಗ ಅವರು ಒಂದು ಸಲ ಜಾರಿದರು. ರಾಮದಾಸರು ಕೊಡೆಯ ಹಿಡಿಕೆ ಚಾಚಿದರು.

ಮರುದಿನ ಬೆಳಿಗ್ಗೆ ಮನೆಯ ಗಾಜುಗಳು ಒಂದು ಸಲ ನಡುಗಿದವು. ಅಂಟುಪಟ್ಟಿ ಹಚ್ಚಿದ್ದರಿಂದ ಒಂದೂ ಒಡೆಯಲಿಲ್ಲ. ಧೂಳು ಇಳಿದ ಮೇಲೆ ಗ್ಯಾಲರಿಯಿಂದ ಬರೀ ಆಕಾಶ ಕಾಣಿಸಿತು. ಅಂಬಾದಾಸ ಆ ಕಡೆ ಹೆಚ್ಚು ಹೊತ್ತು ನೋಡದೆ ಆಫೀಸಿಗೆ ಹೋಗಿ ಚಿತ್ರ ಸಲ್ಲಿಸಿದ. ಗೆದ್ದರೆ ಅದನ್ನು ಗೋಡೆಯಗಲ ಮಾಡಿ ಆಫೀಸಿನ ಮುಂಗೋಣೆಯಲ್ಲಿ ತೂಗುಹಾಕುತ್ತಾರೆ, ಗಂಗೂಬಾಯಿಯನ್ನು ಕರೆತಂದು ತೋರಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡ.

ಕೆಲವು ವಾರಗಳ ಮೇಲೆ ಉಪೇಂದ್ರ ಅವನ ಮೇಜಿನ ಹತ್ತಿರ ಬಂದು ಕೈ ಕುಲುಕಿದ. "ಬಹುಮಾನ ಬಂದಿದೆ ಮಾರಾಯ! ಶನಿವಾರ ಪ್ರದರ್ಶನ, ಮನೆಯವರನ್ನೆಲ್ಲ ಕರೆದುಕೊಂಡು ಬಾ."

ಶನಿವಾರ ಅಂಬಾದಾಸ ಗುರುದೇವಿ, ಗಂಗೂಬಾಯಿ, ರಾಮದಾಸರನ್ನೆಲ್ಲ ಆಟೊದಲ್ಲಿ ತುಂಬಿಕೊಂಡು ಬಂದ. ನಿಸರ್ಗ ವಿಭಾಗದ ಗೋಡೆಯಲ್ಲಿ ಬೆಟ್ಟಗಳಿದ್ದವು, ಸಮುದ್ರವಿತ್ತು, ಗೆದ್ದ ಚಿತ್ರದಲ್ಲಿ ಎಂದಿನಂತೆ ಒಂದು ಜಲಪಾತವಿತ್ತು. ಅವನ ಚಿತ್ರವಿರಲಿಲ್ಲ. ಹುಡುಕುತ್ತ ಹೋದರೆ ಅದು ಮೂಲೆಯಲ್ಲಿ, ಒಂದು ಮಸಿದೌತಿಗೂ ಮೂರು ಮೊಟ್ಟೆಗಳಿಗೂ ನಡುವೆ ತೂಗುತ್ತಿತ್ತು. ಮೇಲೆ 'ಮೇಜಿನ ಮೇಲಿನ ವಸ್ತುಗಳು' ಎಂದು ಫಲಕ. ಕೆಳಗೆ ಶೀರ್ಷಿಕೆ: 'ಎರಡು ಹರಳುಗಲ್ಲು, ಸಮಾಧಾನಕರ ಬಹುಮಾನ'.

"ಉಪೇಂದ್ರ, ಇದೇನು? ಇದು ಗುಡ್ಡದ ಮೇಲಿನ ಬಂಡೆ! ನಾಲ್ಕಂತಸ್ತು ಎತ್ತರ!"

ಉಪೇಂದ್ರ ನಕ್ಕ. "ತಮಾಷೆ ಸಾಕು ಮಾರಾಯ. ಹಿಂದೆ ಕರಿ ಬಟ್ಟೆ, ಪಕ್ಕದಿಂದ ದೀಪ, ಸ್ವಲ್ಪ ನೀರು ಚಿಮುಕಿಸಿದ್ದಿ. ತೀರ್ಪುಗಾರರೆಲ್ಲ ಮೆಚ್ಚಿದ್ರು. ಆದ್ರೆ ನಿಸರ್ಗ ಅಂತ ಕಳಿಸಿದ್ದು ಮಾತ್ರ ಸರಿಯಲ್ಲ. ನಾನೇ ಜಗಳ ಮಾಡಿ ಈ ವಿಭಾಗಕ್ಕೆ ಹಾಕಿಸಿದೆ."

"ಇಲ್ಲಪ್ಪ, ನಿಜವಾಗ್ಲೂ..."

"ದೊಡ್ಡದು ಅಂತ ಹೇಗೆ ಗೊತ್ತಾಗಬೇಕು ಹೇಳು? ಒಂದು ಮರ ಇಲ್ಲ, ಮನೆ ಇಲ್ಲ. ಒಬ್ಬ ಮನುಷ್ಯ ನಿಂತಿದ್ರೂ ಆಗ್ತಿತ್ತು."

"ನಡಿ, ಈಗ್ಲೇ ತೋರಿಸ್ತೀನಿ!" ಎಂದು ಅಂಬಾದಾಸ ಅವನ ತೋಳು ಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋದ. ಬಾಗಿಲಲ್ಲಿ ನೆನಪಾಯಿತು. ತೋಳು ಬಿಟ್ಟ.

ಬಹುಮಾನವೆಂದು ಕೊಟ್ಟದ್ದು ಒಂದು ಟೇಬಲ್ ಲ್ಯಾಂಪು. "ಇದರ ಬೆಳಕಲ್ಲಿ ಇನ್ನೂ ಚೆನ್ನಾಗಿ ತೆಗೀಬಹುದು," ಅಂದ ಉಪೇಂದ್ರ.

ಲ್ಯಾಂಪು ಹಿಡಿದುಕೊಂಡು ಅಂಬಾದಾಸ ಮೂಲೆಗೆ ಮರಳಿದ. ಗಂಗೂಬಾಯಿ ಚಿತ್ರದ ಮುಂದೆ ನಿಂತಿದ್ದರು. ರಾಮದಾಸರು ಅವರಿಗೆ ಶೀರ್ಷಿಕೆ ಓದಿ ಹೇಳಿಯಾಗಿತ್ತು. ಗಂಗೂಬಾಯಿ ಗಾಜಿನ ಮೇಲೆ, ಸೊಸೆ ಬಂಡೆಯ ಬುಡದ ಹತ್ತಿರ ಬೆರಳಿಟ್ಟರು. ಅಲ್ಲಿ ಏನೂ ಇರಲಿಲ್ಲ.

"ಅಮ್ಮಾರ, ನಂದು ತಪ್ಪಾತು," ಅಂದ ಅಂಬಾದಾಸ. "ಅವತ್ತು ನಿಮ್ಮನ್ನ ಸರಸಬಾರ್ದಿತ್ತು."

"ಏ, ಹಂಗ್ಯಾಕಂತೀರಿ," ಗಂಗೂಬಾಯಿ ಅವನ ತೋಳು ತಟ್ಟಿದರು. "ಇಷ್ಟು ಸಣ್ಣ ಹರಳಿನ ಮುಂದ ನಾ ನಿಂತಿದ್ರ ಪಾಪ ಅದು ಕಾಣ್ತಿರಲಿಲ್ಲ. ನೀವು ಸರಸಿದ್ದ ಚಲೋ ಆತು."

ಅವರು ಹಂಗಿಸಿದರೋ, ಸಮಾಧಾನ ಹೇಳಿದರೋ ಎಂದು ಅಂಬಾದಾಸ ಅವರ ಮುಖ ನೋಡಿದ. ತಿಳಿಯಲಿಲ್ಲ. ಗಂಗೂಬಾಯಿ ಆಗಲೇ ಸೆರಗು ಸರಿಪಡಿಸಿಕೊಂಡು, ಮೂರು ಮೊಟ್ಟೆಗಳನ್ನು ನೋಡಲು ಮುಂದೆ ಹೋಗಿದ್ದರು.